ತಮ್ಮನ ಥೆರಪಿ, ಅಪ್ಪ ಅಮ್ಮನ ಪಾಳಿ: ಕಡಿಮೆ ಶುಲ್ಕದ ಒಂದು ಕೌನ್ಸೆಲಿಂಗ್ ಕೇಂದ್ರದ ವಿಮರ್ಶೆ

ಬೆಂಗಳೂರಿನಲ್ಲಿ ಒಂದು ಟ್ರಸ್ಟ್ ನಡೆಸುವ ಕೌನ್ಸೆಲಿಂಗ್ ಕೇಂದ್ರಕ್ಕೆ ನನ್ನ ತಮ್ಮ ಒಂದೂವರೆ ವರ್ಷದಿಂದ ಹೋಗುತ್ತಿದ್ದಾನೆ. ಆಗಾಗ ಅಪ್ಪ, ಅಮ್ಮ, ನಾನೂ ಹೋಗಿ ಕೂತಿದ್ದೇವೆ. ಕೇಂದ್ರದ ಹೆಸರು ಬರೆಯುತ್ತಿಲ್ಲ, ಕೆಳಗೆ ದೂರುಗಳೂ ಇವೆ. ತಮ್ಮ ಓದಿ ಒಪ್ಪಿದ ಮೇಲೇ ಇದನ್ನು ಹಾಕುತ್ತಿದ್ದೇನೆ. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಅವನು ಮೂರೂವರೆ ಸಾಕು ಅಂತಾನೆ.

ನಮ್ಮದು ತಿಪಟೂರು ಕಡೆ. ಅಪ್ಪನದು ಕೊಬ್ಬರಿ ವ್ಯಾಪಾರ. ತಮ್ಮ ಪಿಯುಸಿ ಮುಗಿಸಿ ನೀಟ್‌ಗೆ ಲಾಂಗ್ ಟರ್ಮ್ ಕೂತಿದ್ದ. ಕೆಲವು ತಿಂಗಳಲ್ಲೇ ಮಾಕ್ ಟೆಸ್ಟ್ ಅಂದರೆ ಎದೆ ಹೊಡೆದುಕೊಳ್ಳೋದು, ಕೈ ಬೆವರೋದು ಶುರುವಾಯಿತು. ರಾತ್ರಿ ನಿದ್ದೆ ಇಲ್ಲ. ಹೃದಯದ ತೊಂದರೆ ಇರಬಹುದು ಅಂತ ಇಸಿಜಿ, ಎಕೋ ಎಲ್ಲ ಮಾಡಿಸಿದೆವು. ಎಲ್ಲ ನಾರ್ಮಲ್. ಇದು ಪ್ಯಾನಿಕ್ ಅಟ್ಯಾಕ್, ಮನೋವೈದ್ಯರಿಗೆ ತೋರಿಸಿ ಅಂತ ಹೇಳಿದ್ದು ಆ ಡಾಕ್ಟರೇ.

ಮೊದಲು ಮಾಡಿದ್ದು 14416ಕ್ಕೆ ಫೋನ್. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಿದ್ದೇ ಅಲ್ಲಿಂದ. ಆದರೆ ಸಹಾಯವಾಣಿ ಇರೋದು ಆ ಹೊತ್ತಿನ ಸಂಕಟಕ್ಕೆ. ವಾರ ವಾರ ಕೂತು ಮಾತಾಡೋಕೆ ಪ್ರತಿ ಸಲ ಅದೇ ಒಬ್ಬರು ಬೇಕು, ಅಲ್ವಾ? ಅದಕ್ಕೆ ಬೇರೆ ಜಾಗ ಹುಡುಕಬೇಕಾಯಿತು.

ಖಾಸಗಿಯವರನ್ನು ವಿಚಾರಿಸಿದೆ. ಬೆಂಗಳೂರಿನಲ್ಲಿ ಒಂದು ಸೆಷನ್‌ಗೆ ಸಾವಿರದ ಐನೂರು ಅನ್ನೋದು ಮಾಮೂಲಿ ಮಾತು. ವಾರಕ್ಕೊಂದರಂತೆ ತಿಂಗಳಿಗೆ ಆರು ಸಾವಿರ. ಆಪ್‌ಗಳಲ್ಲಿ ಸ್ವಲ್ಪ ಕಡಿಮೆ, ಆದರೆ ನಾನು ನೋಡಿದವುಗಳಲ್ಲಿ ಕನ್ನಡ ಬರುವವರು ಸಿಗೋದೇ ಕಷ್ಟ. ತಮ್ಮನಿಗೆ ಇಂಗ್ಲಿಷ್ ನಡೆಯುತ್ತದೆ. ಅಮ್ಮನಿಗೆ?

ಈ ಕೇಂದ್ರದಲ್ಲಿ ಶುಲ್ಕ ಮನೆಯ ಆದಾಯದ ಮೇಲೆ. 200ರಿಂದ 800 ರೂಪಾಯಿವರೆಗೆ. ಸಂಬಳದ ಸ್ಲಿಪ್ ಕೇಳುತ್ತಾರೇನೋ ಅಂತ ಅಪ್ಪನಿಗೆ ಗಾಬರಿ. ಕೊಬ್ಬರಿ ರೇಟು ಈ ವಾರ ಒಂದು, ಮುಂದಿನ ವಾರ ಇನ್ನೊಂದು, ಸ್ಲಿಪ್ ಎಲ್ಲಿಂದ ತರೋದು? ಅವರು ಕಾಗದ ಪತ್ರ ಕೇಳಲಿಲ್ಲ. ಎಷ್ಟು ಕೊಡೋಕಾಗುತ್ತೆ ಅಂತ ಕೇಳಿ 300ಕ್ಕೆ ನಿಲ್ಲಿಸಿದರು. ಇಡೀ ಮನೆಯವರು ಕೂರುವ ಸೆಷನ್‌ಗೆ 500. ರಸೀದಿ ಕೊಡುತ್ತಾರೆ. ಆ ರಸೀದಿಗಳನ್ನು ಇನ್ಶೂರೆನ್ಸ್‌ಗೆ ಹಾಕಿ ನೋಡಿದೆ, ವಾಪಸ್ ಬಂತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮೆಯಲ್ಲಿ ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಗೂ ಭೇದ ಮಾಡುವಂತಿಲ್ಲ. ಆದರೆ ನಮ್ಮ ಪಾಲಿಸಿ ಇರೋದು ಆಸ್ಪತ್ರೆಗೆ ಸೇರಿದರೆ ಮಾತ್ರ. ಹೊರರೋಗಿಯಾಗಿ ಥೆರಪಿಗೆ ಹೋದರೆ ನಮ್ಮ ಜೇಬೇ.

ಮಾತ್ರೆ ಬರೆಯೋದು ಕೇಂದ್ರದವರ ಕೆಲಸ ಅಲ್ಲ, ಅದು ಮನೋವೈದ್ಯರದು. ಅದಕ್ಕೆ ಸರ್ಕಾರಿ ಆಸ್ಪತ್ರೆಗೇ ಕಳಿಸಿದರು, ಗುಳಿಗೆ ಅಲ್ಲೇ ಪುಕ್ಕಟೆ ಸಿಕ್ಕಿತು. ಇಂಥ ಗುಳಿಗೆ ಕೆಲಸ ಶುರು ಮಾಡೋಕೆ ಕೆಲವು ವಾರ ಬೇಕು, ಹುಷಾರಾಯಿತು ಅಂತ ತಾನೇ ತಾನಾಗಿ ನಿಲ್ಲಿಸಬಾರದು ಅಂತ ಡಾಕ್ಟರೂ ಹೇಳಿದರು, ಇಲ್ಲಿ ತಮ್ಮನ ಸೆಷನ್ ನೋಡಿಕೊಳ್ಳುತ್ತಿದ್ದ ಮೇಡಂ ಕೂಡ ಹೇಳಿದರು. ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಅನ್ನೋ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ಊರಲ್ಲಿರುವವರು ಅದನ್ನು ಮೊದಲು ವಿಚಾರಿಸಿ. ಜಿಲ್ಲಾ ಮಟ್ಟದಲ್ಲಿ ಮನಸ್ಸಿಗೆ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿದ್ದೇ ನಮ್ಮ ಬಳ್ಳಾರಿ, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರ ಜೊತೆ. ಇದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ.

ಇನ್ನು ಸೆಷನ್ ವಿಷಯ. ಮೊದಲ ದಿನವೇ ಮೇಡಂ ಎಲ್ಲರನ್ನೂ ಕೂರಿಸಿ ಒಂದು ಮಾತು ಹೇಳಿದರು. ಹುಡುಗ ಒಳಗೆ ಹೇಳಿದ್ದು ಹೊರಗೆ ಬರಲ್ಲ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಮನೆಯವರಿಗೆ ತಿಳಿಸುತ್ತೇವೆ. ಅಪ್ಪನಿಗೆ ಇದು ಹಿಡಿಸಲಿಲ್ಲ. “ದುಡ್ಡು ಕೊಡೋರು ನಾವು, ನಮಗೇ ಹೇಳಲ್ವಾ ಮೇಡಂ?” ಅಂದರು. “ಇಲ್ಲ ಸರ್, ಅವನೇ ಹೇಳಬೇಕು. ಹೇಳೋ ಹಾಗೆ ಮಾಡೋದು ನಮ್ಮ ಕೆಲಸ” ಅಂದರು ಅವರು. ಆವತ್ತು ವಾಪಸ್ ಬರುವಾಗ ರೈಲಿನಲ್ಲಿ ಅಪ್ಪ ತುಮಕೂರು ದಾಟುವವರೆಗೂ ಬಾಯಿ ಬಿಡಲಿಲ್ಲವಂತೆ.

ತಮ್ಮನ ಸೆಷನ್‌ನಲ್ಲಿ ಏನು ನಡೆಯಿತು ಅನ್ನೋದು ನನಗೆ ಪೂರ್ತಿ ಗೊತ್ತಿಲ್ಲ, ಗೊತ್ತಾಗಲೂಬಾರದು. ಅವನೇ ಹೇಳಿದ್ದಿಷ್ಟು. ಭಯ ಬಂದಾಗ ತಲೆಯಲ್ಲಿ ಏನು ಓಡಿತು, ಆಮೇಲೆ ನಿಜವಾಗಿ ಏನಾಯಿತು ಅಂತ ಪುಸ್ತಕದಲ್ಲಿ ಬರೆಯಬೇಕಿತ್ತು. ಎದೆ ಹೊಡೆದುಕೊಂಡರೆ ಓಡಿಹೋಗದೆ ಅಲ್ಲೇ ಕೂರೋದನ್ನು ಅಭ್ಯಾಸ ಮಾಡಿಸಿದರು. ಬೇಕಂತಲೇ ಗಡಿಯಾರ ಇಟ್ಟುಕೊಂಡು ಹಳೇ ಪೇಪರ್ ಬಿಡಿಸೋದು ಅವನಿಗೆ ಎಲ್ಲಕ್ಕಿಂತ ಕಷ್ಟವಾಗಿದ್ದು.

ಮನೆಯವರ ಸೆಷನ್ನೇ ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ನಿಜವಾದ ಬೆಲೆ. ಎಲ್ಲ ಕನ್ನಡದಲ್ಲಿ, ಅದೂ ಪುಸ್ತಕದ ಕನ್ನಡ ಅಲ್ಲ. “ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ” ಅಂತ ಅಪ್ಪ ಶುರು ಮಾಡಿದರು. ಮೇಡಂ ವಾದ ಮಾಡಲಿಲ್ಲ. ಕೊಬ್ಬರಿ ರೇಟು ಬಿದ್ದ ವರ್ಷ ಹೇಗಿತ್ತು ಸರ್, ನಿದ್ದೆ ಬರುತ್ತಿತ್ತಾ ಅಂತ ಕೇಳಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಮ್ಮನೇ ಬಾಯಿ ಹಾಕಿ, “ಮೂರು ಗಂಟೆಗೇ ಎದ್ದು ಅಂಗಳದಲ್ಲಿ ಓಡಾಡ್ತಿದ್ರು” ಅಂದರು. ತಮ್ಮ ಅಪ್ಪನ ಮುಖ ನೋಡಿದ. ಅವನಿಗೆ ಈ ವಿಷಯವೇ ಗೊತ್ತಿರಲಿಲ್ಲ.

ಅಮ್ಮನಿಗೆ ಸಿಕ್ಕಿದ್ದು ಬೇರೆ ತರಹದ ಹೋಂವರ್ಕ್. ರಾತ್ರಿ ಅರ್ಧ ಗಂಟೆಗೊಮ್ಮೆ ಅವನ ರೂಮಿನ ಬಾಗಿಲು ತೆಗೆದು ನೋಡೋದನ್ನು ನಿಲ್ಲಿಸಬೇಕು. ಊಟದ ಹೊತ್ತಲ್ಲಿ ಮಾರ್ಕ್ಸ್ ಮಾತು ಬೇಡ. ಅತ್ತೆ ಫೋನ್ ಮಾಡಿ ರ‍್ಯಾಂಕ್ ಎಷ್ಟು ಅಂತ ಕೇಳಿದರೆ ಏನು ಹೇಳಬೇಕು ಅನ್ನೋದನ್ನು ಅಲ್ಲೇ ಬಾಯಿಪಾಠ ಮಾಡಿಸಿದರು. ನಗಬೇಡಿ, ನಮ್ಮ ಮನೆಯಲ್ಲಿ ಅರ್ಧ ಜಗಳ ಆ ಫೋನ್‌ನಿಂದಲೇ.

ಈಗ ದೂರುಗಳು. ಮೊದಲ ಅಪಾಯಿಂಟ್‌ಮೆಂಟ್‌ಗೆ ಒಂದು ತಿಂಗಳ ಮೇಲೆ ಕಾದೆವು. ಆ ಒಂದು ತಿಂಗಳು ಹೇಗೆ ಕಳೆಯಿತು ಅಂತ ನಮಗೇ ಗೊತ್ತು. ಇದಕ್ಕಿಂತ ದೊಡ್ಡದು, ಎಂಟು ತಿಂಗಳಾಗುತ್ತಿದ್ದಂತೆ ಆ ಮೇಡಂ ಕೆಲಸ ಬಿಟ್ಟರು. ಕಡಿಮೆ ಶುಲ್ಕ ಅಂದರೆ ಕಡಿಮೆ ಸಂಬಳವೂ ಇರುತ್ತದೆ, ಅದು ಅರ್ಥವಾಗುತ್ತದೆ. ಆದರೆ ತಮ್ಮನಿಗೆ ಎರಡು ವಾರ ಮೊದಲಾದರೂ ಹೇಳಬೇಕಿತ್ತು. ಕೊನೆಯ ಸೆಷನ್‌ನಲ್ಲಿ ಹೇಳಿದರು. ಹೊಸಬರು ಎಲ್ಲವನ್ನೂ ಮೊದಲಿನಿಂದ ಕೇಳಿದರು, ಹಳೇ ಫೈಲ್ ಓದಿದ ಹಾಗೆ ಕಾಣಲಿಲ್ಲ. ಒಂದು ತಿಂಗಳು ಅವನು ಹೋಗಲೇ ಇಲ್ಲ. ಅವನು ಕಳೆದ ಒಂದೂವರೆ ಅಂಕ ಪೂರ್ತಿ ಇದಕ್ಕೇ.

ವೀಡಿಯೊ ಸೆಷನ್ ಇದೆ, ಆದರೆ ಊರಿನ ಮನೆಯಲ್ಲಿ ಒಬ್ಬನೇ ಕೂರೋ ಜಾಗ ಎಲ್ಲಿ? ತೋಟಕ್ಕೆ ಹೋಗಿ ಕೂರುತ್ತಿದ್ದ, ನಡುವೆ ಸಿಗ್ನಲ್ ಹೋಗುತ್ತಿತ್ತು. ಸಾಧ್ಯವಿದ್ದರೆ ಎದುರಿಗೇ ಹೋಗಿ. ಸೆಷನ್‌ಗಳ ನಡುವೆ ವಾಟ್ಸಾಪ್ ಮಾಡಿದರೆ ಉತ್ತರ ಬರಲ್ಲ. ತುರ್ತು ಅಂದರೆ 14416 ಅಥವಾ ಹತ್ತಿರದ ಆಸ್ಪತ್ರೆ ಅಂತ ಮೊದಲೇ ಬರೆದುಕೊಟ್ಟಿರುತ್ತಾರೆ.

ಯಾವುದೇ ಕೇಂದ್ರಕ್ಕೆ ಹೋಗುವ ಮುಂಚೆ ಎದುರಿಗೆ ಕೂರುವವರು ಏನು ಓದಿದ್ದಾರೆ ಅಂತ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಕೌನ್ಸೆಲರ್ ಅಂತ ಬೋರ್ಡ್ ಹಾಕೋದಕ್ಕೆ ಅಂಥ ಕಟ್ಟುನಿಟ್ಟು ಇಲ್ಲ. ನಮ್ಮ ಕೇಂದ್ರದಲ್ಲಿ ಎರಡೂ ಬಗೆಯವರಿದ್ದಾರೆ, ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ತಮ್ಮ ಈಗ ನನ್ನ ಜೊತೆ ಇದ್ದುಕೊಂಡು ಬಿಕಾಂ ಓದುತ್ತಿದ್ದಾನೆ. ಡಾಕ್ಟರ್ ಹೇಳಿದ ಹಾಗೆ ಗುಳಿಗೆ ಕಡಿಮೆಯಾಗುತ್ತಾ ಬಂದಿದೆ. ಸೆಷನ್ ತಿಂಗಳಿಗೊಂದು. ಸೆಮಿಸ್ಟರ್ ಪರೀಕ್ಷೆ ಬಂದರೆ ಎರಡು. ನನಗೆ ಸಂಬಳ ಜಾಸ್ತಿಯಾದ ಮೇಲೆ ಶುಲ್ಕವನ್ನು ನಾನೇ 500 ಮಾಡಿಸಿದೆ. ಇಂಥ ಕಡೆ ಹೊಸದಾಗಿ ಬುಕ್ ಮಾಡುವವರಿಗೆ ಒಂದು ಮಾತು: ಶನಿವಾರ ಸಿಗೋದು ಕಷ್ಟ, ವಾರದ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಕೇಳಿ ನೋಡಿ. ಬರೋಕಾಗದಿದ್ದರೆ ಒಂದು ದಿನ ಮೊದಲೇ ತಿಳಿಸಿ, ಇಲ್ಲದಿದ್ದರೆ ಅರ್ಧ ಶುಲ್ಕ ಹಿಡಿಯುತ್ತಾರೆ.