108ಕ್ಕೆ ಕರೆ ಮಾಡಬೇಕಾ, ಖಾಸಗಿ ಆಂಬುಲೆನ್ಸ್‌ಗಾ?

ದಾವಣಗೆರೆಯಲ್ಲಿದ್ದೀರಿ, ಮನೆಯಲ್ಲಿ ಯಾರಿಗೋ ಎದೆನೋವು. ನನ್ನ ಮಟ್ಟಿಗೆ ಮೊದಲ ಕರೆ 108ಕ್ಕೇ. 2008ರಲ್ಲಿ ರಾಜ್ಯದಲ್ಲಿ ಶುರುವಾದ ಆರೋಗ್ಯ ಕವಚ ಇದು. ದುಡ್ಡು ಕೊಡಬೇಕಿಲ್ಲ, ಗಾಡಿಯಲ್ಲಿ ತರಬೇತಿ ಪಡೆದವರು ಇರುತ್ತಾರೆ. ಒಂದು ಆಸ್ಪತ್ರೆಯಿಂದ ಬೆಂಗಳೂರಿಗೋ ಮಣಿಪಾಲಕ್ಕೋ ಒಯ್ಯಬೇಕಾದಾಗ ಮಾತ್ರ ಹೆಚ್ಚಿನವರು ಖಾಸಗಿ ಗಾಡಿ ಹಿಡಿಯುತ್ತಾರೆ.

ಖಾಸಗಿಯಲ್ಲಿ ಎಲ್ಲವೂ ಒಂದೇ ಅಲ್ಲ. ಕೆಲವು ಬರೀ ಸ್ಟ್ರೆಚರ್ ಹಾಕಿದ ವ್ಯಾನ್. ವೆಂಟಿಲೇಟರ್, ಮಾನಿಟರ್ ಇದೆಯಾ, ಅದನ್ನು ನಡೆಸುವವರು ಜೊತೆಗೆ ಬರ್ತಾರಾ ಅಂತ ಫೋನಿನಲ್ಲೇ ಕೇಳಿ. ಹತ್ತುವ ಮೊದಲು ಆಕ್ಸಿಜನ್ ಸಿಲಿಂಡರಿನ ಮೀಟರ್ ನೋಡಿ. ಮುಳ್ಳು ಕೆಳಗೆ ಬಿದ್ದಿದ್ದರೆ ಆ ಗಾಡಿ ಬೇಡ. ಬಾಡಿಗೆಯಲ್ಲಿ ವಾಪಸ್ ಬರುವ ಕಿಲೋಮೀಟರೂ ಸೇರಿದೆಯಾ ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ.

ಇನ್ನು ವೇಗ. 'ಸರಾಸರಿ ಇಷ್ಟು ನಿಮಿಷ' ಅಂದರೆ ಸುಮ್ನೆ ನಂಬಬೇಡಿ. ಯಾವಾಗಿಂದ ಎಣಿಸಿದ್ದು? ಫೋನ್ ಎತ್ತಿದಾಗಿಂದಲೋ, ಗಾಡಿ ಹೊರಟಾಗಿಂದಲೋ? ಪಿ.ಬಿ. ರಸ್ತೆಗೆ ಬೇಗ ಬಂದದ್ದನ್ನೂ ಜಗಳೂರು ಕಡೆಯ ಹಳ್ಳಿಗೆ ತಡವಾಗಿ ಹೋದದ್ದನ್ನೂ ಕಲಸಿದರೆ ತಡ ಮುಚ್ಚಿಹೋಗುತ್ತದೆ, ಅಲ್ವಾ? ಇಂಗ್ಲೆಂಡಿನಲ್ಲಿ ಜೀವಕ್ಕೆ ಅಪಾಯವಿರುವ ಕರೆಗಳಿಗೆ ಎರಡು ಗುರಿ ಇವೆ: ಸರಾಸರಿ 7 ನಿಮಿಷ, ಜೊತೆಗೆ 10ರಲ್ಲಿ 9 ಕರೆಗಳಿಗೆ 15 ನಿಮಿಷದೊಳಗೆ. ಹಳ್ಳಿಯವರು ಕೇಳಬೇಕಾದ್ದು ಎರಡನೆಯ ಲೆಕ್ಕ.

ಅಪಘಾತ ರಾಷ್ಟ್ರೀಯ ಹೆದ್ದಾರಿ 48ರಲ್ಲಾದರೆ ಹೆದ್ದಾರಿ ಪ್ರಾಧಿಕಾರದ 1033ಕ್ಕೂ ಕರೆ ಮಾಡಬಹುದು.