ಮ್ಯಾಕ್‌ಬುಕ್ ಏರ್, ಹೊಸ ಅಗ್ಗದ ಲ್ಯಾಪ್‌ಟಾಪ್, ಹಳೆಯ ಥಿಂಕ್‌ಪ್ಯಾಡ್: ಮೂರನ್ನೂ ಬಳಸಿ ನೋಡಿದೆ

ನನ್ನ ಹಳೆಯ ಡೆಸ್ಕ್‌ಟಾಪಿಗೆ ವಿಂಡೋಸ್ 11 ಹಾಕಲು ಆಗುತ್ತಿರಲಿಲ್ಲ. ಪ್ರೊಸೆಸರ್ ತೀರಾ ಹಳೆಯದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲುತ್ತದೆ ಎಂದು ಗೊತ್ತಾದಾಗ ಅದರ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡೆ. ಒಗ್ಗಲು ಎರಡು ವಾರ ಹಿಡಿಯಿತು, ಆಮೇಲೆ ಬಿಡಲು ಮನಸ್ಸಾಗಲಿಲ್ಲ. ಹಾಗಾಗಿ ಮೊದಲ ಲ್ಯಾಪ್‌ಟಾಪ್ ಕೊಳ್ಳುವಾಗ ಯಾವುದು ಜಾಸ್ತಿ ವೇಗ ಎನ್ನುವುದಕ್ಕಿಂತ ಬೇರೆ ಪ್ರಶ್ನೆ ತಲೆಯಲ್ಲಿತ್ತು. ಈಗ ಕೈಲಿರುವ ದುಡ್ಡಿಗೆ ಬರುವ ಯಂತ್ರವನ್ನು ಮುಂದೆ ದುಡ್ಡು ಸೇರಿದ ಹಾಗೆ ಬೆಳೆಸಿಕೊಳ್ಳಬಹುದಾ?

ಮೊದಲು ನೋಡಿದ್ದು ಗೆಳೆಯನ ಹೊಸ ಅಗ್ಗದ ವಿಂಡೋಸ್ ಲ್ಯಾಪ್‌ಟಾಪ್. ಅದರಲ್ಲಿ 8 ಜಿಬಿ ರ‍್ಯಾಮ್ ಇತ್ತು, ಅದೂ ಬೋರ್ಡಿಗೇ ಬೆಸೆದದ್ದು, ಬದಲಿಸಲಾಗದು. ಬ್ರೌಸರ್‌ನಲ್ಲಿ ಹತ್ತಿಪ್ಪತ್ತು ಟ್ಯಾಬ್ ತೆರೆದು ಜೊತೆಗೆ ಆನ್‌ಲೈನ್ ಕ್ಲಾಸ್ ಹಾಕಿದರೆ ಸಾಕು, ಏದುಸಿರು ಬಿಡುತ್ತಿತ್ತು. ಕೀಬೋರ್ಡ್ ಒತ್ತಿದರೆ ನಡುವೆ ಬಗ್ಗುತ್ತಿತ್ತು. ವಾರಂಟಿ ಇದೆ ಎನ್ನುವ ನೆಮ್ಮದಿ ನಿಜವಾದದ್ದೇ, ಅದನ್ನು ಕಡೆಗಣಿಸುವುದಿಲ್ಲ. ಆದರೆ ಮೂರು ದಿನಕ್ಕೇ ಅದನ್ನು ಪಟ್ಟಿಯಿಂದ ತೆಗೆದೆ.

ಆಮೇಲೆ ಅಕ್ಕನ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್ ಒಂದು ವಾರ ನನ್ನ ಬಳಿ ಇತ್ತು. 2020ರಲ್ಲಿ ಬಂದದ್ದು ಅಂದರೆ ನಂಬುವುದು ಕಷ್ಟ. ತೂಕ 1.29 ಕೆಜಿ, ಒಳಗೆ ಫ್ಯಾನೇ ಇಲ್ಲ. ಮಧ್ಯರಾತ್ರಿ ಪ್ರಾಜೆಕ್ಟ್ ಕಂಪೈಲ್ ಮಾಡುತ್ತಿದ್ದರೂ ಪಕ್ಕದಲ್ಲಿ ಮಲಗಿದವರಿಗೆ ಏನೂ ಕೇಳಿಸುವುದಿಲ್ಲ. ಬೆಳಿಗ್ಗೆ ಚಾರ್ಜರ್ ಬಿಟ್ಟು ಹೋಗಿ ಸಂಜೆವರೆಗೂ ಕೆಲಸ ಮಾಡಿದೆ. 2560×1600 ಪರದೆಯಲ್ಲಿ ಅಕ್ಷರಗಳು ಅಚ್ಚು ಹಾಕಿದಷ್ಟು ಚೊಕ್ಕ. ಬ್ಯಾಟರಿ, ಪರದೆ, ಟ್ರ್ಯಾಕ್‌ಪ್ಯಾಡ್ ಈ ಮೂರರಲ್ಲಿ ಉಳಿದೆರಡೂ ಇದರ ಹತ್ತಿರಕ್ಕೂ ಬರಲಿಲ್ಲ.

ಆದರೂ ತಡೆದದ್ದು ಅದೇ ಪ್ರಶ್ನೆ. ರ‍್ಯಾಮ್, ಎಸ್‌ಎಸ್‌ಡಿ (ಫೈಲ್‌ಗಳು ಉಳಿಯುವ ಡಿಸ್ಕ್) ಎರಡನ್ನೂ ಕೊಳ್ಳುವ ದಿನವೇ ತೀರ್ಮಾನಿಸಬೇಕು, ಆಮೇಲೆ ಹೆಚ್ಚಿಸಲು ದಾರಿಯಿಲ್ಲ. ನನ್ನ ದುಡ್ಡಿಗೆ ಸಿಗುವುದು 8 ಜಿಬಿ, 256 ಜಿಬಿಯದ್ದು. ಇನ್ನೊಂದು ವಿಷಯ, ನನ್ನ ಹಳೆಯ ಹಾರ್ಡ್‌ಡಿಸ್ಕ್ ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿದೆ. ಮ್ಯಾಕ್‌ನಲ್ಲಿ ಅದನ್ನು ಓದಬಹುದು, ಬೇರೆ ಸಾಫ್ಟ್‌ವೇರ್ ಹಾಕದೆ ಅದಕ್ಕೆ ಬರೆಯಲಾಗುವುದಿಲ್ಲ. ಎಂ1ಗೆ ಅಸಾಹಿ ಎಂಬ ಲಿನಕ್ಸ್ ಇದೆ ನಿಜ, ಆದರೆ ಅಕ್ಕನ ಯಂತ್ರದಲ್ಲಿ ಆ ಪ್ರಯೋಗ ಬೇಡ ಎಂದು ಬಿಟ್ಟೆ. ನೀವು ಹಳೆಯ ಮ್ಯಾಕ್‌ಬುಕ್ ಕೊಳ್ಳುವುದಾದರೆ ಮಾರುವವರು ನಿಮ್ಮ ಎದುರಲ್ಲೇ ಐಕ್ಲೌಡ್‌ನಿಂದ ಸೈನ್ ಔಟ್ ಆಗಲಿ. ಇಲ್ಲದಿದ್ದರೆ ಹಳೆಯ ಮಾಲೀಕರ ಪಾಸ್‌ವರ್ಡ್ ಕೇಳುವ ಆಕ್ಟಿವೇಶನ್ ಲಾಕ್‌ಗೆ ಸಿಕ್ಕಿಕೊಳ್ಳುತ್ತೀರಿ.

ಕೊನೆಗೆ ಥಿಂಕ್‌ಪ್ಯಾಡ್ ಟಿ480. 2018ರದ್ದು, ಸೆಕೆಂಡ್ ಹ್ಯಾಂಡ್. ಸುಮಾರು 1.6 ಕೆಜಿ, ನೋಡಲು ಕಪ್ಪು ಇಟ್ಟಿಗೆ. ಮಾರುವವರ ಅನುಮತಿ ಕೇಳಿ ನನ್ನ ಲಿನಕ್ಸ್ ಮಿಂಟ್ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿದೆ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಯಂತ್ರದಲ್ಲಿರುವುದು ಹಾಗೇ ಇರುತ್ತದೆ. ವೈಫೈ, ಕ್ಯಾಮೆರಾ, ಸ್ಪೀಕರ್, ಪ್ರತಿಯೊಂದು ಕೀ, ಯುಎಸ್‌ಬಿ ಕಿಂಡಿಗಳು, ಎಲ್ಲವನ್ನೂ ಅಲ್ಲೇ ನೋಡಿದೆ. ಮಿಂಟ್‌ನ ಪವರ್ ಸ್ಟ್ಯಾಟಿಸ್ಟಿಕ್ಸ್ ಆ್ಯಪ್ ತೆರೆದು ಬ್ಯಾಟರಿಯ ಮೂಲ ಸಾಮರ್ಥ್ಯ ಎಷ್ಟು, ಈಗ ಉಳಿದಿರುವುದು ಎಷ್ಟು ಎಂದೂ ಹೋಲಿಸಿದೆ. ಈ ಅರ್ಧ ಗಂಟೆಯನ್ನು ಯಾರೂ ಉಳಿಸಬೇಡಿ. ಇದೇ ಮಾದರಿ 1366×768 ಪರದೆಯಲ್ಲೂ ಬರುತ್ತದೆ, 1920×1080ರಲ್ಲೂ ಬರುತ್ತದೆ. ಎರಡನೆಯದನ್ನೇ ಹುಡುಕಿ, ಇಡೀ ದಿನ ಓದುವ ಕಣ್ಣು ಅಲ್ವಾ.

ಇದರ ತಳದ ಮುಚ್ಚಳ ತೆಗೆದರೆ ಎರಡು ರ‍್ಯಾಮ್ ಸ್ಲಾಟ್ ಕಾಣುತ್ತವೆ. ಒಂದರಲ್ಲಿ 8 ಜಿಬಿ ಇತ್ತು, ಕೊಂಡ ಮೇಲೆ ಖಾಲಿ ಇದ್ದ ಇನ್ನೊಂದಕ್ಕೆ ನಾನೇ 8 ಜಿಬಿ ಹಾಕಿದೆ. ಎಸ್‌ಎಸ್‌ಡಿಯನ್ನೂ ಹಾಗೇ ಬದಲಿಸಬಹುದು. ಬ್ಯಾಟರಿ ಎರಡು, ಒಂದು ಒಳಗೆ, ಒಂದು ಹಿಂದೆ. ಒಳಗಿನದರಲ್ಲಿ ಚಾರ್ಜ್ ಇದ್ದರೆ ಯಂತ್ರ ಆಫ್ ಮಾಡದೆಯೇ ಹಿಂದಿನದನ್ನು ಬದಲಿಸಬಹುದು. ಕನ್ನಡ ಟೈಪಿಂಗ್‌ಗೂ ತೊಂದರೆ ಆಗಲಿಲ್ಲ. ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆ ಐಬಸ್‌ನಲ್ಲಿ ಕೆಜಿಪಿ ಕೀಲಿ ವಿನ್ಯಾಸ ಇದೆ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಅದೇ ಕೀಲಿಗಳು.

ಲಿನಕ್ಸ್ ಒಂದೇ ಸಾಕು ಎಂದುಕೊಂಡವರಿಗೆ ಒಂದು ಮಾತು. ಪರೀಕ್ಷೆಗೆ ಬಳಸುವ ಸೇಫ್ ಎಕ್ಸಾಮ್ ಬ್ರೌಸರ್ ವಿಂಡೋಸ್‌ಗೆ, ಮ್ಯಾಕ್‌ಗೆ, ಐಪ್ಯಾಡ್‌ಗೆ ಇದೆ, ಲಿನಕ್ಸ್‌ಗೆ ಇಲ್ಲ. ನಿಮ್ಮ ಕಾಲೇಜು ಅಂಥದ್ದೇನಾದರೂ ಬಳಸುತ್ತದಾ ಎಂದು ಮೊದಲೇ ವಿಚಾರಿಸಿ. ಟಿ480ಯಲ್ಲಿ ಇರುವುದು ಹೆಚ್ಚಾಗಿ ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11ರ ಬೆಂಬಲಿತ ಪಟ್ಟಿಯಲ್ಲಿ ಅದು ಇದೆ. ಹಾಗಾಗಿ ಮೂಲ ವಿಂಡೋಸನ್ನು ಅಳಿಸದೆ ಡಿಸ್ಕ್‌ನ ಒಂದು ಭಾಗದಲ್ಲಿ ಉಳಿಸಿಕೊಂಡೆ.

ಹಿಂದಿನ ಬ್ಯಾಟರಿ ಸವೆದಿದೆ, ಎರಡೂ ಸೇರಿ ಮೂರು ಗಂಟೆ ಬರುತ್ತದೆ, ಅಷ್ಟೆ. ಅಕ್ಕನ ಏರ್ ನೋಡಿದಾಗ ಈಗಲೂ ಆಸೆಯಾಗುತ್ತದೆ. ಸದ್ಯ ಕ್ಲಾಸಿನಲ್ಲಿ ಪ್ಲಗ್ ಇರುವ ಬೆಂಚ್ ಹುಡುಕಿ ಕೂರುತ್ತೇನೆ. ಈ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ದುಡ್ಡು ಸೇರುತ್ತದೆ, ಆಗ 72 ವ್ಯಾಟ್-ಅವರ್‌ನ ದೊಡ್ಡ ಬ್ಯಾಟರಿ ತರುತ್ತೇನೆ.