ಮಂಗಳೂರಿನ ಪೋಕರ್ ರೂಮ್: ಎಲೆ ಹಿಡಿದ ಮೇಲೆ ಫೋನ್ ಮುಟ್ಟಬೇಡಿ

ಮೂರು ತಿಂಗಳಿಂದ ಈ ಕ್ಲಬ್ಬಿನ ಪೋಕರ್ ರೂಮಿಗೆ ಹೋಗುತ್ತಿದ್ದೇನೆ. ಹಂಪನಕಟ್ಟೆಯಿಂದ ನಡೆದೇ ಹೋಗಬಹುದು. ಎಸಿ ಚೆನ್ನಾಗಿದೆ, ಸಂಜೆ ಬಿಸಿ ಗೋಳಿಬಜೆ ಉಂಟು, ಪಾರ್ಕಿಂಗ್ ಕಷ್ಟ. ಆದರೆ ನಾನು ಹೇಳಬೇಕೆಂದಿರುವುದು ಅಲ್ಲಿನ ಫೋನ್ ನಿಯಮದ ಬಗ್ಗೆ.

ಕೈಯಲ್ಲಿ ಇಸ್ಪೀಟ್ ಎಲೆ ಇರುವಾಗ ಫೋನ್ ಮುಟ್ಟಬಾರದು. ಮುಟ್ಟಿದರೆ ಎಲೆ ಹಂಚುವ ಡೀಲರ್ ನಿಮ್ಮ ಎಲೆ ಎಳೆದುಕೊಳ್ಳುತ್ತಾನೆ, ಹಾಕಿದ ಚಿಪ್ಸ್ (ದುಡ್ಡಿನ ಬದಲು ಕೊಡುವ ಬಿಲ್ಲೆ) ಪಾಟ್‌ನಲ್ಲೇ, ಅಂದರೆ ಎಲ್ಲರೂ ಕಟ್ಟಿದ ರಾಶಿಯಲ್ಲೇ, ಉಳಿಯುತ್ತದೆ. ಮಾತಾಡಲೇಬೇಕು ಅಂತಾದರೆ ಎಲೆ ಬಿಟ್ಟು ಹೊರಗೆ ಹೋಗಿ. ಅಷ್ಟೇ.

ಎರಡನೇ ವಾರ ನನಗೇ ಬಿಸಿ ಮುಟ್ಟಿತು. ಕೈಯಲ್ಲಿ ಎರಡು ರಾಣಿ, ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದಂತೆ ಮೇಜಿನ ಮಧ್ಯೆ ಮೊದಲು ತೆರೆಯುವ ಮೂರು ಎಲೆ) ಮೂರನೆಯದೂ ಬಂತು, ಅಷ್ಟರಲ್ಲಿ ಮಗಳ ಫೋನ್, ಕಟ್ ಮಾಡೋಣ ಅಂತ ಕಿಸೆಯಿಂದ ತೆಗೆದೆ ಅಷ್ಟೇ, ಎಲೆ ಹೋಯಿತು. ಭಾರಿ ಸಿಟ್ಟು ಬಂತು. ಆದರೆ ಅದೇ ರಾತ್ರಿ ಎಲ್ಲರೂ ಧಣಿಗಳೇ ಅಂತ ಕರೆಯುವ ಹಳೇ ಮೆಂಬರ್ ಒಬ್ಬರು ವಾಟ್ಸಾಪ್ ತೆರೆದರು, ಅವರ ಎಲೆಯೂ ಹೋಯಿತು. "ಎಲ್ಲರಿಗೂ ಒಂದೇ ಧಣಿಗಳೇ" ಅಂದ ಆ ಡೀಲರ್ ಹುಡುಗ, ದನಿ ಏರಿಸದೆ. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಮೊದಲು ನಾನು ಆಡುತ್ತಿದ್ದ ಜಾಗದಲ್ಲಿ ಗೋಡೆ ಮೇಲೆ ಬೋರ್ಡ್ ಮಾತ್ರ ಇತ್ತು. ಹೊಸಬರಿಗೆ ಗದರುತ್ತಿದ್ದರು, ಜಾಸ್ತಿ ದುಡ್ಡು ಹಾಕುವವರು ಮೇಜಿನ ಮೇಲೇ ಫೋನ್ ಇಟ್ಟು ಕ್ರಿಕೆಟ್ ನೋಡುತ್ತಿದ್ದರು, ಉಳಿದವರು ಸುಮ್ನೆ ಕಾಯಬೇಕು. ಅದು ಕ್ರಿಕೆಟ್ಟೋ ಬೇರೆ ಏನೋ ಅಂತ ಯಾರಿಗೆ ಗೊತ್ತು? ಪೋಕರ್‌ನಲ್ಲಿ ತಮಗೆ ಬಂದ ಎಲೆಯನ್ನು ಒಬ್ಬರೇ ಆಡಬೇಕು, ಇನ್ನೊಬ್ಬರ ಸಲಹೆ ತೆಗೆದುಕೊಳ್ಳುವ ಹಾಗಿಲ್ಲ. ಈಗ ಯಾವ ಎಲೆಗೆ ಎಷ್ಟು ಕಟ್ಟಬೇಕು ಅಂತ ಲೆಕ್ಕ ಹಾಕಿ ಕೊಡುವ ಸಾಲ್ವರ್ ಸಾಫ್ಟ್‌ವೇರ್‌ಗಳೇ ಇವೆ. 2024ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆಯುವ ದೊಡ್ಡ ಪೋಕರ್ ಟೂರ್ನಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಯಲ್ಲಿ (ಮೇನ್ ಈವೆಂಟ್) ಜೋನಾಥನ್ ತಮಾಯೋ 1 ಕೋಟಿ ಡಾಲರ್ ಗೆದ್ದಾಗ, ಅವರ ಗೆಳೆಯರು ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಕ್ಕೆ ಎಷ್ಟು ಚರ್ಚೆ ಆಯಿತು ಅಲ್ವಾ. ನಮ್ಮದು ಸಣ್ಣ ಮೇಜು, ಆದರೆ ಕಳೆದುಕೊಳ್ಳುವುದು ನಮ್ಮ ದುಡಿಮೆಯ ದುಡ್ಡೇ. ಎದುರಿನವನು ತನ್ನ ತಲೆಯಿಂದಲೇ ಆಡಿ ಗೆದ್ದ ಅಂತ ಗೊತ್ತಿದ್ದರೆ ಸೋತರೂ ಬೇಜಾರಿಲ್ಲ.

ಒಂದು ಕೊರತೆ ಇದೆ. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ. ತುರ್ತು ಇದ್ದರೆ ಮನೆಯವರು ಕರೆ ಮಾಡಲು ಕೌಂಟರ್‌ನಲ್ಲಿ ಒಂದು ನಂಬರ್ ಬೇಕು, ಅಲ್ಲಿಂದ ಯಾರಾದರೂ ಬಂದು ಹೇಳಿದರೆ ಸಾಕು. ಮ್ಯಾನೇಜರ್‌ಗೆ ಎರಡು ಸಲ ಹೇಳಿದ್ದೇನೆ, ಮಾಡುತ್ತೇವೆ ಅಂದಿದ್ದಾರೆ, ಇನ್ನೂ ಆಗಿಲ್ಲ.